ಗಂಗಾವತಿ ಮಸೀದಿಯ ತಿರುವುಮುರುವು ಸಾಲು

ಸುಣ್ಣದ ಗಚ್ಚಿನ ಕೆಲಸ ಕಲಿಯಬೇಕೆಂದು ಈಗ ನನ್ನ ಬಳಿಗೆ ಬರುವವರು ಮೊದಲು ಕೇಳುವುದು ಒಂದೇ ಮಾತು: ಎಷ್ಟು ದಿನಕ್ಕೆ ಕೈಗೆ ಬರುತ್ತದೆ? ಸುಣ್ಣವೇ ನೀರಿನಲ್ಲಿ ಒಂದು ತಿಂಗಳು ಕೂತಿರಬೇಕಪ್ಪಾ ಎನ್ನುತ್ತೇನೆ. ನಗುತ್ತಾರೆ. ಮರುದಿನ ಬರುವುದಿಲ್ಲ. ಬಾರದಿದ್ದರೆ ಗೋಡೆಗಳಿಗೇ ಲಾಭ. ಬಂದು ಉಳಿದ ನಾಲ್ಕೈದು ಜನರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ಈರಪ್ಪ, ಊರು ಕುಕನೂರು. ನಲವತ್ತು ವರ್ಷ ಕರಣಿ ಹಿಡಿದೆ. ಯಾವಾಗ ಮೇಸ್ತ್ರಿಯಾದೆ, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬರೆಯುವುದಿಲ್ಲ. ನಾನು ಏರಿದ್ದೆಲ್ಲ ಅಟ್ಟಣಿಗೆ, ಸಂಜೆಯಾದರೆ ಇಳಿದಿದ್ದೇನೆ. ಸರಿಯಾಗಿ ಕಟ್ಟಿದ ಕಟ್ಟಡಗಳ ವಿಷಯ ನಿಮಗೆ ಹೇಳಿ ಪ್ರಯೋಜನವಿಲ್ಲ, ಅವು ನಿಂತಿವೆ, ಹೋಗಿ ನೋಡಿ. ನಾನು ಹೇಳುವುದು ಗಂಗಾವತಿಯ ಮಸೀದಿಯ ಕೆಲಸ. ಅಲ್ಲಿ ನಾನು ಮಾಡಿದಷ್ಟು ದೊಡ್ಡ ತಪ್ಪನ್ನು ಮತ್ತೆಲ್ಲಿಯೂ ಮಾಡಲಿಲ್ಲ.

ಆಗ ಎರಡನೆಯ ಮಹಾಯುದ್ಧ ಮುಗಿಯುತ್ತ ಬಂದಿತ್ತು. ನಮ್ಮ ಕಡೆ ನಿಜಾಮರ ರಾಜ್ಯ. ಗಂಗಾವತಿಯ ಬಜಾರಿನಲ್ಲಿದ್ದ ಹಳೆಯ ಮಸೀದಿ ತಗ್ಗಾಗಿ, ಕತ್ತಲೆಯಾಗಿ, ಮಳೆಗೆ ಸೋರುತ್ತಿತ್ತು. ಅದನ್ನು ತೆಗೆದು ಹೊಸದು ಕಟ್ಟಿಸಲು ಭತ್ತದ ವ್ಯಾಪಾರಿ ಖಾದರ್ ಸೇಠರು ಮುಂದೆ ನಿಂತರು. ಸೇಠರು ಹೈದರಾಬಾದಿಗೆ ಹೋಗಿ ಬಂದಿದ್ದರು. ಬರುವಾಗ ಅಲ್ಲಿಯ ಒಂದು ಹೊಸ ಮಸೀದಿಯ ಫೋಟೋ ತಂದಿದ್ದರು. ಆ ಫೋಟೋದಲ್ಲಿ ಇದ್ದದ್ದೆಲ್ಲ ಅವರಿಗೆ ಬೇಕು. ಎರಡು ಎತ್ತರದ ಮಿನಾರ್ ಬೇಕು, ನಡುವೆ ಗುಮ್ಮಟ ಬೇಕು, ಹೂವಿನ ಎಸಳಿನಂಥ ಕಮಾನು ಬೇಕು, ಕಿಟಕಿಗೆ ಬಣ್ಣದ ಗಾಜು ಬೇಕು, ನಡುಮನೆಗೆ ವಿದ್ಯುತ್ ದೀಪದ ಗೊಂಚಲು ಬೇಕು. ಊರಿಗೆ ವಿದ್ಯುತ್ತೇ ಬಂದಿಲ್ಲವಲ್ಲ ಎಂದರೆ, "ಬರ್ತದ. ಬಂದಾಗ ಗೊಂಚಲು ತಯಾರ್ ಇರ್ಬೇಕಲ್ರಿ?" ಎಂದರು. ಆ ಗೊಂಚಲು ಬಹಳ ಕಾಲ ಜೇಡರ ಹುಳಗಳ ಮನೆಯಾಗಿತ್ತು.

ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ಬಡೇಸಾಬ್ ಕಾಕಾ. ಕುಷ್ಟಗಿಯವರು, ನನಗೆ ಗಚ್ಚಿನ ಕೆಲಸ ಕಲಿಸಿದವರು. ಸುಣ್ಣವನ್ನು ನಾಲಿಗೆಗೆ ಹಚ್ಚಿ, ಹಣ್ಣಾಗಿದೆಯೋ ಇಲ್ಲವೋ ಹೇಳುತ್ತಿದ್ದರು. ಅವರ ಬಾಯಲ್ಲಿ ಅರ್ಧ ಹಲ್ಲು ಇರಲಿಲ್ಲ. ಸುಣ್ಣದಿಂದ ಹೋದವೋ ಬೈಗುಳದಿಂದ ಹೋದವೋ ಗೊತ್ತಿಲ್ಲ.

ನಮ್ಮ ಮೇಲೆ ಒಬ್ಬ ಓವರ್‌ಸಿಯರ್ ಸಾಹೇಬರು. ಅವರ ಹೆಸರು ಬರೆಯುವುದಿಲ್ಲ, ಮಕ್ಕಳು ಮೊಮ್ಮಕ್ಕಳು ಇದ್ದಾರು. ರಾಯಚೂರಿನಿಂದ ಬಂದವರು. ನಕ್ಷೆ ಬರೆಯುವುದರಲ್ಲಿ ಅವರ ಕೈ ನಿಜಕ್ಕೂ ಛಲೋ. ಕಾಗದದ ಮೇಲೆ ಅವರು ಎಳೆದ ಗುಮ್ಮಟ ಮೊಟ್ಟೆಯಷ್ಟು ನುಣ್ಣಗಿರುತ್ತಿತ್ತು. ಆದರೆ ಕಾಗದ ಬಿಟ್ಟು ಕೆಳಗಿಳಿದರೆ ಅವರಿಗೆ ಏನೂ ತಿಳಿಯುತ್ತಿರಲಿಲ್ಲ, ಮತ್ತು ತಿಳಿಯುವುದಿಲ್ಲ ಎಂಬುದೂ ತಿಳಿಯುತ್ತಿರಲಿಲ್ಲ. ಬಿಳಿ ಪ್ಯಾಂಟು ಹಾಕುತ್ತಿದ್ದರು. ಗಚ್ಚಿನ ಕೆಲಸದ ಜಾಗಕ್ಕೆ ಬಿಳಿ ಪ್ಯಾಂಟು ಹಾಕಿಕೊಂಡು ಬರುವ ಮನುಷ್ಯ ಅಟ್ಟಣಿಗೆ ಏರುವುದಿಲ್ಲ. ಇದನ್ನು ನೀವು ಬರೆದಿಟ್ಟುಕೊಳ್ಳಿ.

ಬಂದ ಮೊದಲ ವಾರವೇ ಅವರು ಸುಣ್ಣ ಅರೆಯುವ ನಮ್ಮ ಗಾಣ ನೋಡಿ ಮೂಗು ಮುರಿದರು. ಎತ್ತು ವೃತ್ತದಲ್ಲಿ ತಿರುಗುತ್ತ, ಕಲ್ಲಿನ ಗಾಲಿ ಸುಣ್ಣ ಮರಳನ್ನು ಅರೆಯುತ್ತ, ನಾವು ನಡುನಡುವೆ ಬೆಲ್ಲದ ನೀರು, ಅಳಲೆಕಾಯಿ ನೀರು ಹಾಕುತ್ತ ಇರುತ್ತಿದ್ದೆವು.

"ಇದೇನ್ ಮಸೂತಿ ಕಟ್ಟಾಕ ಹತ್ತೀರೋ, ಹೋಳಿಗಿ ಮಾಡಾಕ ಹತ್ತೀರೋ?" ಎಂದರು ಸಾಹೇಬರು. "ಇನ್ಮ್ಯಾಲ ಎಲ್ಲಾ ಸಿಮೆಂಟು. ದುನಿಯಾ ಮುಂದ ಹೋಗ್ಯದ."

ಯುದ್ಧದ ಕಾಲದಲ್ಲಿ ಸಿಮೆಂಟು ಸಿಗುವುದೇ ದುರ್ಲಭ. ಸೇಠರು ಯಾರ್ಯಾರನ್ನೋ ಹಿಡಿದು ರೈಲಿನಲ್ಲಿ ತರಿಸಿ, ಗಿಣಿಗೇರಾ ನಿಲ್ದಾಣದಿಂದ ಬಂಡಿಗಳಲ್ಲಿ ಹೇರಿಸಿದರು. ಸಾಹೇಬರು ಆ ಚೀಲಗಳನ್ನು ತಟ್ಟಿಯ ಗುಡಿಸಲಿನಲ್ಲಿ, ಬರಿಯ ನೆಲದ ಮೇಲೆ, ಸಾಲಾಗಿ ಒಟ್ಟಿಸಿದರು. ಕೆಳಗೆ ಹಲಗೆ ಹಾಕಿಸಿರೆಂದು ಬಡೇಸಾಬ್ ಕಾಕಾ ಹೇಳಿದ್ದಕ್ಕೆ, "ನಿನಗ ಸುಣ್ಣ ಗೊತ್ತು, ಅಷ್ಟ ನೋಡ್ಕೋ" ಎಂಬ ಉತ್ತರ ಬಂತು. ಅಕಾಲದ ಮಳೆ ಎರಡು ದಿನ ಹೊಡೆಯಿತು. ಮೂರನೆಯ ದಿನ ಚೀಲ ಹರಿದು ನೋಡಿದರೆ ಒಳಗೆ ಒಂದೊಂದೂ ದಿಂಬಿನಾಕಾರದ ಕಲ್ಲು. ಸಾಹೇಬರು ಅದನ್ನು ಕಾಲಿನಿಂದ ಒದ್ದು, ಬೆರಳು ಹಿಡಿದುಕೊಂಡು ಕುಳಿತರು. ಮುಂದೆ ಆ ದಿಂಬುಗಳನ್ನು ಕೈಕಾಲು ತೊಳೆಯುವ ಹೌದಿನ ಸುತ್ತ ಆಸನಗಳಾಗಿ ಇಟ್ಟೆವು. ಬಹಳ ಗಟ್ಟಿ ಆಸನಗಳು. ಸಿಮೆಂಟಿನ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಚೀಲದಲ್ಲಿಯೇ ಗೋಡೆ ಮಾಡಿದ ಮನುಷ್ಯನನ್ನು ಮಾತ್ರ ನಾನು ಇಂದಿಗೂ ಮರೆತಿಲ್ಲ.

ಗಾಣ ಮತ್ತೆ ತಿರುಗತೊಡಗಿತು.

ಅದಾದ ಮೇಲೆ ದಿಕ್ಕಿನ ಜಗಳ. ಮಸೀದಿಯ ಒಳಗೆ ಎಲ್ಲರೂ ಮುಖ ಮಾಡುವ ಗೋಡೆ ಮಕ್ಕಾದ ದಿಕ್ಕಿಗೆ ಇರಬೇಕು. ನಮ್ಮ ಕಡೆಯಿಂದ ಅದು ಪಡುವಣ, ತುಸು ಬಡಗಣಕ್ಕೆ ಹೊರಳಿದ್ದು. ಆ ಗೋಡೆಯ ನಡುವೆ ಇರುವ ಗೂಡಿನಂಥ ಕಮಾನಿಗೆ ಮೆಹರಾಬ್ ಎನ್ನುತ್ತಾರೆ. ಬಜಾರಿನ ರಸ್ತೆಗೆ ಮಾತ್ರ ಮಕ್ಕಾದ ಗೊಡವೆಯಿಲ್ಲ, ಅದು ತನ್ನ ಪಾಡಿಗೆ ಸೊಟ್ಟಗೆ ಹೋಗಿದೆ. ಸಾಹೇಬರ ನಕ್ಷೆಯಲ್ಲಿ ಮುಂದಿನ ಗೋಡೆ ರಸ್ತೆಗೆ ನೆಟ್ಟಗೆ, ಹಿಂದಿನ ಗೋಡೆ ಮುಂದಿನದಕ್ಕೆ ನೆಟ್ಟಗೆ. ನೋಡಲು ಬಹಳ ಚೆಂದ. ಸುಣ್ಣದ ಪುಡಿಯಲ್ಲಿ ಗೆರೆ ಎಳೆದಾಗ, ಹಳೆಯ ಮಸೀದಿಯ ಇಮಾಮ್ ಸಾಹೇಬರು ಬಂದು ನೋಡಿದರು.

ಇಮಾಮ್ ಸಾಹೇಬರಿಗೆ ಆಗ ಎಪ್ಪತ್ತು ದಾಟಿತ್ತು. ಸಣ್ಣ ದೇಹ, ಮಂಡಿನೋವು, ಮೆಲ್ಲಗೆ ಮಾತು. ಗೆರೆಯ ಮೇಲೆ ನಿಂತು ಸುಮ್ಮನೆ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಹೊರಳಿದರು.

"ಓವರ್‌ಸಿಯರ್ ಸಾಹೇಬ್ರ, ಇದು ಎತ್ತಾಗ ಐತಿ?"

"ಸಡಕಿಗೆ ಬರಾಬರ್ ಐತ್ರಿ ಹಜರತ್. ಮುಂದ ನಿಂತು ನೋಡಿದ್ರ ಶಾನ್ ಕಾಣ್ತದ."

"ಸಡಕಿನ ಕಡೆ ನೋಡ್ಕೋತ ನಮಾಜ್ ಮಾಡಾಕ ನಾವೇನ್ ಟಾಂಗಾ ಹೊಡಿಯವ್ರೇನ್ರಿ?"

ಸುತ್ತ ನಿಂತವರೆಲ್ಲ ನಕ್ಕರು. ಸಾಹೇಬರ ಮುಖ ಕೆಂಪಾಯಿತು. ನಕ್ಷೆ ತಿದ್ದಿದರೆ ಮುಂಭಾಗ ಸೊಟ್ಟಗೆ ಕಾಣುತ್ತದೆ, ತಿದ್ದದಿದ್ದರೆ ಅದು ಮಸೀದಿಯೇ ಅಲ್ಲ. ಸೇಠರು ಫೋಟೋ ಹಿಡಿದು ಅಲ್ಲಿಂದಿಲ್ಲಿಗೆ ಅಡ್ಡಾಡಿದರು. ಕಡೆಗೆ ಬಡೇಸಾಬ್ ಕಾಕಾ ಒಂದು ಕೋಲಿನಿಂದ ಮಣ್ಣಿನ ಮೇಲೆ ಗೀಚಿ ತೋರಿಸಿದರು. ಪ್ರಾರ್ಥನೆಯ ಕೋಣೆ ಹಳೆಯ ಪಾಯದ ದಿಕ್ಕಿಗೇ ಇರಲಿ, ಹೊರಗೋಡೆ ರಸ್ತೆಗೆ ನೆಟ್ಟಗಿರಲಿ, ಎರಡರ ನಡುವೆ ಒಂದು ತುದಿ ಅಗಲ ಇನ್ನೊಂದು ತುದಿ ಸಣ್ಣ ಆಗುವ ಪಡಸಾಲೆ ಬರಲಿ, ಚಪ್ಪಲಿ ಬಿಡಲು ಜಾಗವೂ ಆಯಿತು. ಹಾಗೆಯೇ ಕಟ್ಟಿದೆವು. ಬೀದಿಯಿಂದ ನೋಡಿದವರಿಗೆ ನೆಟ್ಟಗೆ, ಒಳಗೆ ನಿಂತವರಿಗೆ ಸರಿಯಾಗಿ. ಆರು ತಿಂಗಳ ನಂತರ ಯಾರೋ ಅಧಿಕಾರಿಗಳಿಗೆ ಸಾಹೇಬರು ಅದೇ ಪಡಸಾಲೆಯಲ್ಲಿ ನಿಂತು, "ಈ ತೊಡಕು ಬಿಡಿಸಾಕ ನನಗ ಮೂರು ದಿನ ನಿದ್ದಿ ಹತ್ತಲಿಲ್ರಿ" ಎಂದು ಹೇಳುವುದನ್ನು ನಾನು ಕಿವಿಯಾರೆ ಕೇಳಿದೆ. ಕಾಕಾ ಪಕ್ಕದಲ್ಲಿಯೇ ಸುಣ್ಣ ಕಲಸುತ್ತಿದ್ದರು. ತಲೆ ಎತ್ತಲಿಲ್ಲ.

ಈಗ ನನ್ನ ಸರದಿ. ಬೇರೆಯವರನ್ನು ಆಡಿಕೊಂಡಷ್ಟು ಸುಲಭವಾಗಿ ಇದನ್ನು ಬರೆಯಲು ಬರುವುದಿಲ್ಲ.

ನಾನು ಅದಕ್ಕೂ ಮುಂಚೆ ಮಾಡಿದ ನಕಾಶಿಯೆಲ್ಲ ಯಲಬುರ್ಗಾ ಕಡೆಯ ಗುಡಿಗಳಲ್ಲಿ, ಗೌಡರ ವಾಡೆಗಳಲ್ಲಿ. ಬಳ್ಳಿ ಬಿಡಿಸಿದರೆ ಕೈ ತಾನಾಗಿ ಬಳ್ಳಿಯೊಳಗೆ ಒಂದು ಗಿಳಿ ಕೂರಿಸುತ್ತಿತ್ತು. ಇಲ್ಲಿಯೂ ಮೊದಲ ಕಮಾನಿನ ಮೂಲೆಯಲ್ಲಿ ಕೂರಿಸಿಬಿಟ್ಟೆ. ಮಸೀದಿಯಲ್ಲಿ ಜೀವವಿರುವ ಯಾವುದರ ರೂಪವೂ ಬರಬಾರದು ಎಂದು ನನಗೆ ಹೇಳಿದ್ದರೂ ಕೈಗೆ ಕೇಳಿಸಿರಲಿಲ್ಲ. ಕಾಕಾ ಕೆಳಗಿನಿಂದಲೇ ಕೂಗಿದರು:

"ಲೇ ಈರ್ಯಾ, ಆ ಗಿಳಿ ಹಾರಿಸ್ತೀಯೋ, ನಿನ್ನ ಹಾರಿಸ್ಲೋ?"

ಗಚ್ಚು ಇನ್ನೂ ಹಸಿಯಾಗಿತ್ತು. ಗಿಳಿಯ ರೆಕ್ಕೆ ಎಲೆಯಾಯಿತು, ಕೊಕ್ಕು ಮೊಗ್ಗಾಯಿತು. ಯಾರಿಗೂ ತೊಂದರೆಯಾಗಲಿಲ್ಲ. ಅಷ್ಟು ಸುಲಭವಾಗಿ ತಪ್ಪಿಸಿಕೊಂಡವನು ಎಚ್ಚರಗೊಳ್ಳಬೇಕಿತ್ತು. ನಾನು ಉಬ್ಬಿದೆ.

ಮೆಹರಾಬಿನ ಮೇಲೆ ಒಂದು ಉದ್ದನೆಯ ಚೌಕಟ್ಟಿನಲ್ಲಿ ಕಲ್ಮಾ ಬರಬೇಕಿತ್ತು. ಮುಸಲ್ಮಾನರ ಧರ್ಮಕ್ಕೆ ಬುಡದಂತಿರುವ ಸಾಲು ಅದು. ಹೈದರಾಬಾದಿನ ಯಾರೋ ಅಕ್ಷರಗಾರರಿಂದ ಅದನ್ನು ಬರೆಸಿ ಸಾಹೇಬರು ತರಿಸಿದರು. ತೆಳುವಾದ ಎಣ್ಣೆ ಕಾಗದ. ಬರಹದ ಅಂಚಿನುದ್ದಕ್ಕೂ ಸೂಜಿಯಿಂದ ತೂತು ಮಾಡಿ, ಕಾಗದವನ್ನು ಹಸಿ ಗಚ್ಚಿಗೆ ಹಿಡಿದು, ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ಗೋಡೆಯ ಮೇಲೆ ಚುಕ್ಕಿ ಮೂಡುತ್ತವೆ. ಚುಕ್ಕಿ ಹಿಡಿದು ಕೊರೆಯಬೇಕು. ಆ ಕೆಲಸ ಕಾಕಾ ಮಾಡಬೇಕಿತ್ತು. ಅವರು ಜ್ವರ ಹಿಡಿದು ಕುಷ್ಟಗಿಗೆ ಹೋಗಿದ್ದರು. ಉದ್ಘಾಟನೆಯ ಶುಕ್ರವಾರ ಗೊತ್ತಾಗಿತ್ತು. "ಈರಪ್ಪ ಮಾಡ್ತಾನ" ಎಂದರು ಸೇಠರು. ನಾನು ಬೇಡ ಎನ್ನಲಿಲ್ಲ.

ನನಗೆ ಕನ್ನಡ ಬಿಟ್ಟರೆ ಬೇರೆ ಅಕ್ಷರ ಬರುತ್ತಿರಲಿಲ್ಲ. ಎಣ್ಣೆ ಕಾಗದ ಎರಡೂ ಕಡೆಯಿಂದ ಒಂದೇ ರೀತಿ ಕಾಣುತ್ತಿತ್ತು. ಅಟ್ಟಣಿಗೆಯ ಮೇಲಿನಿಂದ ಕೇಳಿದೆ:

"ಸಾಹೇಬ್ರ, ಇದ್ರದ್ದು ಮುಂದಿನ ಮಗ್ಗಲು ಯಾವ್ದ್ರಿ?"

ಸಾಹೇಬರು ಕೆಳಗೆ ಕುರ್ಚಿಯಲ್ಲಿ ಕುಳಿತು ಚಹಾ ಕುಡಿಯುತ್ತಿದ್ದರು. ಬಸಿಯಿಂದ ಕಣ್ಣು ತೆಗೆಯಲಿಲ್ಲ.

"ತೂತು ಕಾಣಸ್ತಾವಲ್ಲೋ?"

"ಕಾಣಸ್ತಾವ್ರಿ."

"ಮತ್ತ? ಹಂಗ ಹಚ್ಚು."

ಹಾಗೆಯೇ ಹಚ್ಚಿದೆ.

ಹನ್ನೊಂದು ದಿನ ಕೊರೆದೆ. ಗಚ್ಚು ಬೇಗ ಒಣಗಬಾರದೆಂದು ಒದ್ದೆ ಗೋಣಿತಾಟು ಇಳಿಬಿಟ್ಟಿದ್ದೆ. ಅದು ಒಂದು ಕಾರಣ. ಮುಗಿಯುವ ತನಕ ಯಾರೂ ನೋಡಬಾರದು, ಒಮ್ಮೆಲೇ ತೆಗೆದು ಬೆರಗು ಮಾಡಬೇಕು ಎಂಬುದು ಇನ್ನೊಂದು ಕಾರಣ. ಆ ಹನ್ನೊಂದು ದಿನಗಳಲ್ಲಿ ಆ ಅಕ್ಷರ ಓದಬಲ್ಲವರು ಎಷ್ಟೋ ಮಂದಿ ಗೋಣಿತಾಟಿನ ಕೆಳಗೆ ಅಡ್ಡಾಡಿದರು. ಒಬ್ಬರನ್ನೂ ಕರೆದು ಕೇಳಲಿಲ್ಲ. ನುಣುಪುಗಲ್ಲಿನಿಂದ ಉಜ್ಜಿ ಉಜ್ಜಿ ಅಕ್ಷರದ ಬೆನ್ನು ಕನ್ನಡಿಯಂತೆ ಹೊಳೆಯುವ ಹಾಗೆ ಮಾಡಿದೆ. ಸಾಹೇಬರು ಒಮ್ಮೆ ಕೆಳಗಿನಿಂದಲೇ ತಾಟಿನ ಸಂದಿಯಲ್ಲಿ ಇಣುಕಿ, "ಬಹುತ್ ಖೂಬ್" ಎಂದು ಹೋದರು.

ಉದ್ಘಾಟನೆಗೆ ಎರಡು ದಿನ ಇರುವಾಗ, ಬುಧವಾರ ಮಧ್ಯಾಹ್ನ, ತಾಟು ಇಳಿಸಿದೆ. ಇಮಾಮ್ ಸಾಹೇಬರು ಕೋಲೂರಿಕೊಂಡು ಒಳಗೆ ಬಂದರು. ಅರಬ್ಬಿ ಓದುವ ರೀತಿಯಲ್ಲಿ ಬಲಗಡೆಯಿಂದ ತೊಡಗಿ, ನಿಂತರು. ಎಡಗಡೆ ನೋಡಿದರು. ಮತ್ತೆ ಬಲಗಡೆ. ಅವರ ತುಟಿ ಅಲುಗುವುದು ನಿಂತಿತು. ಪಕ್ಕದ ಕ್ಷೌರಿಕನ ಅಂಗಡಿಯಿಂದ ಒಂದು ಕೈಗನ್ನಡಿ ತರಿಸಿದರು. ಗೋಡೆಗೆ ಬೆನ್ನು ಮಾಡಿ ನಿಂತು, ಕನ್ನಡಿಯನ್ನು ಮುಖದ ಮುಂದೆ ಹಿಡಿದು ಓದಿದರು.

"ಕನ್ನಡಿಯೊಳಗ ಭಾಳ ಛಲೋ ಬಂದೈತಿ, ಈರಪ್ಪ," ಎಂದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಇಡೀ ಕಲ್ಮಾ ತಿರುವುಮುರುವಾಗಿ ಗೋಡೆಯ ಮೇಲೆ ಹೊಳೆಯುತ್ತಿತ್ತು.

ಸುದ್ದಿ ಬಜಾರಿಗೆ ಹೋಗಲು ಎಷ್ಟು ಹೊತ್ತು? ಜನ ಬಂದರು. ಸೇಠರು ಬಂದರು. ಸಾಹೇಬರು ಎಲ್ಲರಿಗಿಂತ ಮುಂದೆ ಬಂದು, ನನ್ನ ಕಡೆ ಬೆರಳು ಮಾಡಿ ಕೂಗಿದರು:

"ಇಂವ ಬೇಕಂತನ ಮಾಡ್ಯಾನ! ನಮ್ಮ ಕಲ್ಮಾಕ ಬೇಇಜ್ಜತಿ ಮಾಡಾಕಂತನ ಮಾಡ್ಯಾನ! ಪೊಲೀಸರನ್ನ ಕರೀರಿ!"

ಆ ದಿನಗಳಲ್ಲಿ ಆ ಮಾತಿನ ತೂಕ ಎಷ್ಟೆಂಬುದು ಈಗಿನವರಿಗೆ ತಿಳಿಯಲಿಕ್ಕಿಲ್ಲ. ಹಿಂದೂ ಮುಸಲ್ಮಾನ ಎರಡೂ ಕಡೆಯವರಲ್ಲಿ ಅನುಮಾನ ಹೊಗೆಯಾಡುತ್ತಿದ್ದ ಕಾಲ. ಗುಂಪಿನಲ್ಲಿ ಹಿಂದೆ ನಿಂತಿದ್ದ ಒಬ್ಬ ಅಂಗಿಯ ತೋಳು ಮಡಚಿಕೊಂಡ. ನಾನು ಕುಕನೂರಿನಲ್ಲಿದ್ದ ಹೆಂಡತಿಯನ್ನು ನೆನೆದೆ. ಕೇಳಿದ್ದೆ, ನೀವೇ ಹೇಳಿದಿರಿ ಎನ್ನಬೇಕಿತ್ತು. ಎನ್ನಲಾಗಲಿಲ್ಲ.

ಇಮಾಮ್ ಸಾಹೇಬರು ಕೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದರು.

"ಓವರ್‌ಸಿಯರ್ ಸಾಹೇಬ್ರ, ನೀವು ಇದನ್ನ ಮೊದಲ ನೋಡಿದ್ರಿಲ್ಲೋ?"

"ನೋಡಿದ್ದೆ... ಅಂದ್ರ, ಕೆಳಗಿಂದ ನೋಡಿದ್ದೆ."

"ಏನಂದ್ರಿ ನೋಡಿ?"

ಗಾಣದ ಎತ್ತು ಹೊಡೆಯುವವನು ಹಿಂದಿನಿಂದ, "ಬಹುತ್ ಖೂಬ್ ಅಂದ್ರಿ" ಎಂದ.

"ಹಂಗಾದ್ರ ನೀವು ಓದಿದ್ರಿ. ಓದಾಕ ಬರೋ ನಿಮಗ ಇದು ಖೂಬ್ ಕಂಡ್ರ, ಓದಾಕ ಬರದಿರೋ ಈರಪ್ಪಗ ಹ್ಯಾಂಗ ಗೊತ್ತಾಗಬೇಕ್ರಿ?"

ಯಾರೋ ನಕ್ಕರು. ಆ ನಗೆ ನನ್ನನ್ನು ಉಳಿಸಿತು. ತೋಳು ಮಡಚಿಕೊಂಡವನೂ ಅದನ್ನು ಇಳಿಸಿದ.

ಆಗ ಸಾಹೇಬರಿಗೆ ಒಂದು ಉಪಾಯ ಹೊಳೆಯಿತು: ಶುಕ್ರವಾರದ ಮಟ್ಟಿಗೆ ಮೇಲೆ ಒಂದು ಹಸಿರು ಬಟ್ಟೆ ಹೊದಿಸೋಣ. ಸೇಠರೂ ತಲೆದೂಗಿದರು, ದೊಡ್ಡ ಅಧಿಕಾರಿ ಬರುವವರಿದ್ದರು. ಇಮಾಮ್ ಸಾಹೇಬರು ಅವರಿಬ್ಬರ ಕಡೆ ನೋಡಲೂ ಇಲ್ಲ. ನನ್ನನ್ನು ಕರೆದು, ತೆಗೆದುಬಿಡು ಎಂದರು. ನಾನು ಉಳಿ ಎತ್ತಿದೆ, ಕೈ ಮುಂದೆ ಹೋಗಲಿಲ್ಲ. ತಿರುವುಮುರುವಾದರೂ ದೇವರ ಹೆಸರು. ಅದರ ಮೇಲೆ ನಾನು ಉಳಿ ಹೊಡೆಯುವುದನ್ನು ಇಷ್ಟು ಜನ ನೋಡುತ್ತಿದ್ದಾರೆ.

ಅವರಿಗೆ ತಿಳಿಯಿತು. ಚಪ್ಪಲಿ ಬಿಟ್ಟು, ಆ ಮಂಡಿಗಳ ಮೇಲೆ, ಒಂದೊಂದೇ ಮೆಟ್ಟಿಲು ಅಟ್ಟಣಿಗೆ ಹತ್ತಿದರು. ಒಂದು ವರ್ಷದಲ್ಲಿ ನಮ್ಮ ಸಾಹೇಬರು ಒಮ್ಮೆಯೂ ಹತ್ತದ ಅಟ್ಟಣಿಗೆ. "ನೀ ಬಟ್ಟಿ ಹಿಡಿ" ಎಂದರು. ನಾನು ಕೆಳಗೆ ಬಿಳಿಯ ಪಂಚೆ ಹಿಡಿದೆ. ಅವರು ನನ್ನ ಉಳಿಯಿಂದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿದರು. ಒಂದು ಚೂರೂ ನೆಲಕ್ಕೆ ಬೀಳಲಿಲ್ಲ. ಸಂಜೆಯ ಪ್ರಾರ್ಥನೆಗೆ ಮುಂಚೆ ಇಬ್ಬರೂ ಆ ಗಂಟನ್ನು ಕಾಲುವೆಗೆ ಒಯ್ದು ಹರಿಯುವ ನೀರಿಗೆ ಬಿಟ್ಟೆವು.

ಮರುದಿನ ಬಡೇಸಾಬ್ ಕಾಕಾ ಜ್ವರದ ಮೈಯಲ್ಲೇ ಬಂಡಿಯಿಂದಿಳಿದರು. ನಾನು ಸಾಹೇಬರನ್ನು ಬೈಯತೊಡಗಿದೆ. ಕಾಕಾ ಪೂರ್ತಿ ಕೇಳಿ, "ಅಂವ ನೋಡ್ಲಿಲ್ಲ. ಖರೆ. ಬಜಾರ್ ತುಂಬ ಓದಾಕ ಬರೋ ಮಂದಿ ಇದ್ರಲ್ಲ, ಅವ್ರನ್ನ ಯಾಕ ಕೇಳ್ಲಿಲ್ಲ ನೀ? ತಾಟು ಕಟ್ಕೊಂಡು ಒಳಗ ಕುಂತಿದ್ಯಂತ, ಹೊಸ ಸೊಸಿ ಹಂಗ" ಎಂದರು. ಆ ಮಾತು ಪೊಲೀಸರ ಮಾತಿಗಿಂತ ಹೆಚ್ಚು ನೋಯಿಸಿತು. ನಿಮಗೆ ನಾನು ಕಲಿಸಬಲ್ಲ ಪಾಠವೂ ಅದೊಂದೇ: ಕೆಲಸವನ್ನು ಮುಚ್ಚಿಟ್ಟು ಮಾಡುವವನು ತಪ್ಪನ್ನು ಸಾಕುತ್ತಿರುತ್ತಾನೆ.

ಒಂದು ದಿನದಲ್ಲಿ ಹೊಸ ಬರಹ ಆಗುವಂತಿರಲಿಲ್ಲ. ಕಾಕಾ ಮತ್ತು ನಾನು ಆ ಚೌಕಟ್ಟನ್ನು ಬರಿದಾಗಿ, ಬಿಳುಪಾಗಿ ತಿಕ್ಕಿ ಬಿಟ್ಟೆವು. ಶುಕ್ರವಾರ ದೊಡ್ಡ ಅಧಿಕಾರಿ ಬಂದು, ಬಣ್ಣದ ಗಾಜು ನೋಡಿ, ಗೊಂಚಲು ನೋಡಿ, ಕಡೆಗೆ ಬರಿಯ ಚೌಕಟ್ಟಿನ ಮುಂದೆ ನಿಂತು, ಇದೇನು ಎಂದು ಕೇಳಿದರು. ನಮ್ಮ ಸಾಹೇಬರು ಮುಂದೆ ಬಂದು, "ಇದು ಈಗಿನ ಹೊಸ ಪದ್ಧತಿ ಹುಜೂರ್. ಸಾದಾ ಇರ್ಬೇಕು" ಎಂದರು. ಅಧಿಕಾರಿ ಬಹಳ ಮೆಚ್ಚಿದರು. ಮುಂದಿನ ತಿಂಗಳು ಸಾಹೇಬರು ಬಡ್ತಿ ಪಡೆದು ರಾಯಚೂರಿಗೆ ಹೋದರು.

ಇಮಾಮ್ ಸಾಹೇಬರು ನನ್ನನ್ನು ಬಿಡಲಿಲ್ಲ. "ಓದಾಕ ಬಂದ ಮ್ಯಾಲ ನೀನ ಬರೀಬೇಕು" ಎಂದರು. ಮಧ್ಯಾಹ್ನದ ಪ್ರಾರ್ಥನೆ ಮುಗಿದ ಮೇಲೆ ಪಡಸಾಲೆಯ ಅಗಲವಾದ ತುದಿಯಲ್ಲಿ ಕುಳಿತು, ಪಾಟಿಯ ಮೇಲೆ ಅರಬ್ಬಿ ಅಕ್ಷರ ತಿದ್ದಿಸಿದರು, ಉರ್ದುವನ್ನೂ ಕಲಿಸಿದರು. ಕರಣಿ ಹಿಡಿದ ಬೆರಳಿಗೆ ಬಳಪ ಮೊಂಡು ಹಿಡಿಯುತ್ತಿತ್ತು. ಅರಬ್ಬಿ ಅಕ್ಷರಗಳ ಮೇಲೆ ಕೆಳಗೆ ಬರುವ ಚುಕ್ಕಿ ಕಲ್ಮಾದ ಸಾಲಿನಲ್ಲಿ ಒಂದೇ ಒಂದೂ ಇಲ್ಲ ಎಂದು ಅವರು ತೋರಿಸಿದಾಗ, ಹನ್ನೊಂದು ದಿನ ಅದರ ಮುಂದೆಯೇ ಕುಳಿತಿದ್ದೂ ನಾನು ಅದನ್ನು ಗಮನಿಸಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಆ ಮಳೆಗಾಲ ಕಳೆದ ಮೇಲೆ, ಕಾಗದವಿಲ್ಲದೆ, ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಓದುತ್ತ ಬರೆದೆ. ಅವರು ಕೆಳಗೆ ಕಣ್ಣು ಮುಚ್ಚಿ ಕುಳಿತು ಕೇಳುತ್ತಿದ್ದರು. ತಾಟು ಕಟ್ಟಿರಲಿಲ್ಲ. ಬಜಾರಿಗೆ ಬಂದವರು ನಿಂತು ನೋಡಿ ಹೋಗುತ್ತಿದ್ದರು.

ಸ್ವಲ್ಪ ಕಾಲದ ಮೇಲೆ ಸಾಹೇಬರು ಯಾವುದೋ ತಪಾಸಣೆಗೆಂದು ಗಂಗಾವತಿಗೆ ಬಂದರಂತೆ. ಗೋಡೆ ನೋಡಿ, ಇಂಥ ಅಕ್ಷರಗಾರ ಎಲ್ಲಿ ಸಿಕ್ಕ ಎಂದರಂತೆ. ಇಮಾಮ್ ಸಾಹೇಬರು "ಕುಕನೂರಾಗ ಒಬ್ಬಂವ ಅದಾನ" ಎಂದಷ್ಟೇ ಹೇಳಿದರಂತೆ. ತಿಂಗಳೊಪ್ಪತ್ತಿನಲ್ಲಿ ಕುಕನೂರಿಗೆ ಸಾಹೇಬರ ಒಂದು ಉರ್ದು ಕಾಗದ ಬಂತು. ಹೆಸರಿಲ್ಲ, ಗಂಗಾವತಿ ಮಸೀದಿಯ ಬರಹಗಾರರಿಗೆ ಎಂದಿತ್ತು. ಟಪಾಲಿನವನು ಊರೆಲ್ಲ ಸುತ್ತಿ ನನ್ನ ಮನೆಗೆ ತಂದ. ರಾಯಚೂರಿನಲ್ಲಿ ದೊಡ್ಡದೊಂದು ಕಟ್ಟಡ ಏಳುತ್ತಿದೆ, ತಮ್ಮಂಥ ಉಸ್ತಾದರು ದಯಮಾಡಿಸಬೇಕು ಎಂದು ಬಹಳ ವಿನಯದಿಂದ ಬರೆದಿದ್ದರು. ಅಷ್ಟು ವಿನಯ ಅವರಲ್ಲಿ ಇದ್ದದ್ದು ನನಗೆ ಗೊತ್ತೇ ಇರಲಿಲ್ಲ.

ಉರ್ದುವಿನಲ್ಲಿಯೇ ಉತ್ತರ ಬರೆದೆ. ಆ ಗೋಡೆಯ ಮೇಲೆ ಬರೆದವನು ನಾನೇ, ಕುಕನೂರಿನ ಈರಪ್ಪ. ತಾವು ಗಂಗಾವತಿಗೆ ಬಂದು, ಅದೇ ಜಾಗದಲ್ಲಿ ನಿಂತು, ಅದೇ ಜನರ ಮುಂದೆ, ಇಂವ ಬೇಕಂತ ಮಾಡಿರಲಿಲ್ಲ ಎಂದು ಒಂದು ಮಾತು ಹೇಳಿದರೆ, ನಾನು ರಾಯಚೂರಿಗೆ ನಡೆದುಕೊಂಡಾದರೂ ಬರುತ್ತೇನೆ.

ಉತ್ತರ ಬರಲಿಲ್ಲ. ನಾನು ಮುನಿರಾಬಾದಿನ ಅಣೆಕಟ್ಟಿನ ಕೆಲಸಕ್ಕೆ ಹೋದೆ. ಅಲ್ಲಿಯೂ ಬಿಳಿ ಪ್ಯಾಂಟಿನವರು ಇದ್ದರು.